ಥೈರಾಯ್ಡ್ ತುಸು ಮಂದವಾದರೆ ಹೃದಯಕ್ಕೆ ಅಪಾಯವೇ?

ಭದ್ರಾವತಿಯ ಐವತ್ತರ ವಯಸ್ಸಿನ ಗೃಹಿಣಿಯೊಬ್ಬರು ಕೆಲವು ತಿಂಗಳುಗಳಿಂದ ಆಯಾಸ, ಮಲಬದ್ಧತೆಗಳಿಂದ ಬಳಲಿ, ಶಿವಮೊಗ್ಗಕ್ಕೆ ಬಂದು ರಕ್ತಪರೀಕ್ಷೆ ಮಾಡಿಸಿಕೊಂಡರೆಂದು ಭಾವಿಸೋಣ. ವರದಿಯಲ್ಲಿ ಟಿ.ಎಸ್.ಎಚ್. 6.8 ಎಂದಿದೆ, ಟಿ-4 ಮಾತ್ರ ಸರಿಯಾಗಿದೆ. ಹಿಂದಿರುಗುವ ಬಸ್ಸಿನಲ್ಲಿಯೇ ಒಬ್ಬರು, ಇದು ಹೃದಯಕ್ಕೆ ಕುತ್ತು ಎಂದು ಹೆದರಿಸುತ್ತಾರೆ. ಮನೆಯಲ್ಲಿ ಮತ್ತೊಬ್ಬರು, ಇದು ಕಾಯಿಲೆಯೇ ಅಲ್ಲ ಎಂದು ತಳ್ಳಿಹಾಕುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದು ಸರಿ?

ಥೈರಾಯ್ಡ್ ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಪುಟ್ಟ ಗ್ರಂಥಿ. ಅದು ಸೋತಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಚೋದಕವನ್ನು ಹೆಚ್ಚು ಸುರಿಸಿ ಅದನ್ನು ದುಡಿಸುತ್ತದೆ. ಟಿ.ಎಸ್.ಎಚ್. ಸುಮಾರು 4.5ನ್ನು ಮೀರಿಯೂ ಟಿ-4 ಸರಿಯಾಗಿಯೇ ಇದ್ದರೆ ಅದನ್ನು ಸೌಮ್ಯ ಥೈರಾಯ್ಡ್ ಕೊರತೆ ಎನ್ನಬಹುದು. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡಾ 8ರಷ್ಟು ವಯಸ್ಕರಲ್ಲಿ ಈ ಸ್ಥಿತಿ ಕಂಡುಬಂದಿತು. ಸ್ತ್ರೀಯರಲ್ಲಿ ಇದು ಹೆಚ್ಚು.

ಮಲೆನಾಡಿನ ಹಿರಿಯರಿಗೆ ಗಳಗಂಡ ಅಪರಿಚಿತವಲ್ಲ. ಅಯೋಡಿನ್ ಕೊರತೆಯಿಂದ ಬರುವ ಗಳಗಂಡದ ನಿಯಂತ್ರಣಕ್ಕೆ ಕೇಂದ್ರ ಸರ್ಕಾರವು 1962ರಲ್ಲಿಯೇ ಯೋಜನೆಯೊಂದನ್ನು ಆರಂಭಿಸಿತು. ಅಯೋಡಿನ್‌ಯುಕ್ತ ಉಪ್ಪು ಇಂದಿಗೂ ಅಗತ್ಯ. ಆದರೆ ಇಂದು ಕಾಣುವ ಥೈರಾಯ್ಡ್ ಮಂದತೆಗೆ ಬಹುಮಟ್ಟಿಗೆ ಕಾರಣ, ದೇಹದ ರೋಗನಿರೋಧಕ ಶಕ್ತಿಯೇ ಆ ಗ್ರಂಥಿಯ ಮೇಲೆ ತಿರುಗಿಬೀಳುವುದು. ಹೆಚ್ಚು ಉಪ್ಪು ತಿಂದರೆ ಇದು ಗುಣವಾಗದು, ರಕ್ತದೊತ್ತಡ ಏರೀತು.

ಹೃದಯದ ಸಂಬಂಧ

ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲ್ ಅನ್ನು ಯಕೃತ್ತು ಹೀರಿ ತೆಗೆಯಲು ಥೈರಾಯ್ಡ್ ರಸದ ನೆರವು ಬೇಕು. ಆ ರಸ ಕುಗ್ಗಿದಷ್ಟೂ ಕೊಲೆಸ್ಟರಾಲ್ ಏರುತ್ತದೆ, ರಕ್ತನಾಳಗಳ ಮೃದುತ್ವ ಕುಂದುತ್ತದೆ. ಆದರೆ ಅಪಾಯ ಎಲ್ಲರಿಗೂ ಒಂದೇ ತೆರನಾಗಿಲ್ಲ. 55,000ಕ್ಕೂ ಹೆಚ್ಚು ಜನರನ್ನು ಒಳಗೊಂಡ 11 ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಟಿ.ಎಸ್.ಎಚ್. 10ನ್ನು ದಾಟಿದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಸ್ಪಷ್ಟವಾಗಿ ಹೆಚ್ಚಿತ್ತು. 7ಕ್ಕಿಂತ ಕಡಿಮೆ ಇದ್ದವರಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. 65 ವರ್ಷ ದಾಟಿದ 737 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೌಮ್ಯ ಕೊರತೆಗೆ ಮಾತ್ರೆ ಕೊಟ್ಟರೂ ಆಯಾಸ ಮೊದಲಾದ ಲಕ್ಷಣಗಳು ತಗ್ಗಲಿಲ್ಲ.

ಆದ್ದರಿಂದ ಆ ತಾಯಿ ಭಯಪಡಬೇಕಾಗಿಲ್ಲ, ಉದಾಸೀನವನ್ನೂ ಮಾಡಬಾರದು. ಈ ಏರಿಕೆ ಕೆಲವೊಮ್ಮೆ ತಾನಾಗಿಯೇ ಇಳಿಯುವುದರಿಂದ ಎರಡು ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಜೊತೆಗೆ ಕೊಲೆಸ್ಟರಾಲ್, ರಕ್ತದೊತ್ತಡ, ಸಕ್ಕರೆಗಳನ್ನೂ ನೋಡಿಸಬೇಕು. ಟಿ.ಎಸ್.ಎಚ್. 10ನ್ನು ಮೀರಿದರೆ ವೈದ್ಯರು ಸಾಮಾನ್ಯವಾಗಿ ಲಿವೋಥೈರಾಕ್ಸಿನ್ ಮಾತ್ರೆ ಕೊಡುತ್ತಾರೆ. ಅದಕ್ಕಿಂತ ಕಡಿಮೆಯಿದ್ದಲ್ಲಿ ವಯಸ್ಸು, ಲಕ್ಷಣ ಮತ್ತು ಹೃದಯದ ಸ್ಥಿತಿಯನ್ನು ನೋಡಿ ನಿರ್ಧರಿಸುತ್ತಾರೆ. ಗರ್ಭಿಣಿಯರ ವಿಷಯ ಬೇರೆಯೇ. ಅವರು ತಡಮಾಡದೆ ವೈದ್ಯರನ್ನು ಕಾಣಬೇಕು.

ಮಾತ್ರೆ ಸೇವಿಸುವ ಕ್ರಮ

ಈ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಡನೆ ಸೇವಿಸಿ, ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಾಫಿಯೂ ಅನಂತರವೇ. ಎದ್ದೊಡನೆ ಮಾತ್ರೆ ತೆಗೆದುಕೊಂಡರೆ ಸ್ನಾನ, ಲಿಂಗಪೂಜೆ ಮುಗಿಯುವಷ್ಟರಲ್ಲಿ ಆ ಅವಧಿ ತಾನಾಗಿಯೇ ಕಳೆಯುತ್ತದೆ. ಪೂಜೆಗೆ ಮುನ್ನ ನೀರನ್ನೂ ಮುಟ್ಟದವರು ಪೂಜೆಯಾದ ಮೇಲೆ ಸೇವಿಸಿ, ಉಪಾಹಾರವನ್ನು ಅಷ್ಟು ಹೊತ್ತು ಮುಂದೂಡಲಿ. ಉಪವಾಸದ ದಿನವೆಂದು ಮಾತ್ರೆಯನ್ನು ಬಿಡಬಾರದು. ಕಬ್ಬಿಣ, ಸುಣ್ಣದಂಶದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಗಳ ಅಂತರವಿರಲಿ.

ನೆರೆಮನೆಯವರ ಮಾತ್ರೆಯನ್ನು ತಾವೂ ನುಂಗುವುದು, ಬೇಗ ತೂಕ ಇಳಿಯಲೆಂದು ಪ್ರಮಾಣವನ್ನು ಏರಿಸಿಕೊಳ್ಳುವುದು ಅಪಾಯಕರ. ಥೈರಾಯ್ಡ್ ರಸ ಅತಿಯಾದರೆ ಎದೆಬಡಿತ ತಾಳತಪ್ಪುತ್ತದೆ, ಮೂಳೆಗಳು ಸವೆಯುತ್ತವೆ. ಹೃದಯವನ್ನು ಕಾಯಲೆಂದು ತೆಗೆದುಕೊಂಡ ಮಾತ್ರೆ ಆಗ ಹೃದಯಕ್ಕೇ ಕಂಟಕವಾಗುತ್ತದೆ. ಹೊಗೆಸೊಪ್ಪನ್ನು ತ್ಯಜಿಸಿ, ಎಣ್ಣೆ ಉಪ್ಪುಗಳನ್ನು ಮಿತಗೊಳಿಸಿ, ದಿನಕ್ಕೆ ಅರ್ಧ ಗಂಟೆ ನಡೆಯುವುದು ಮಾತ್ರೆ ಬೇಕಾದವರಿಗೂ ಬೇಡವಾದವರಿಗೂ ಸಮಾನವಾಗಿ ಹಿತಕರ.

ಮನೆಮಂದಿಯ ಆರೋಗ್ಯಕ್ಕಾಗಿ ಹಗಲಿರುಳು ದುಡಿಯುವ ತಾಯಂದಿರು ತಮ್ಮ ಆಯಾಸವನ್ನು ಹೇಳಿಕೊಳ್ಳುವುದು ವಿರಳ. ಅವರು ಹೇಳಿದಾಗ ಮನೆಯವರು ಕಿವಿಗೊಡಲಿ. ವರದಿಯ ಒಂದು ಅಂಕಿಯನ್ನು ಕಂಡು ಕಂಗೆಡದೆ, ಅದನ್ನು ಕಡೆಗಣಿಸದೆ, ವೈದ್ಯರ ಬಳಿಗೆ ಅವರೊಡನೆ ತಾವೂ ಹೋಗಲಿ.