ಅಮೃತಬಳ್ಳಿ: ಹೆಸರು ಮತ್ತು ಗುಣ

ಜನರು ಸಸ್ಯವೊಂದಕ್ಕೆ ಇಟ್ಟ ಹೆಸರಿನಲ್ಲಿ ಅದರ ಗುರುತಿನೊಡನೆ ಅದರ ಬಗೆಗಿನ ನಂಬಿಕೆಯೂ ಸೇರಿರುತ್ತದೆ. ಅಮೃತಬಳ್ಳಿ ಇದಕ್ಕೆ ನಿದರ್ಶನ. ಹಲವು ಭಾಷೆಯವರು ಉದ್ಯೋಗನಿಮಿತ್ತ ಕೂಡಿ ಬಾಳುವ ಚೆನ್ನೈನ ಪೆರುಂಗುಡಿಯಂತಹ ಬಡಾವಣೆಯಲ್ಲಿ ಕನ್ನಡಿಗರ ಅಮೃತಬಳ್ಳಿಯೇ ತಮಿಳರಿಗೆ ಸೀಂದಿಲ್, ಹಿಂದಿಯವರಿಗೆ ಗಿಲೋಯ್. ಆಯುರ್ವೇದ ಗ್ರಂಥಗಳಲ್ಲಿ ಅದು ಗುಡೂಚಿ. ಸಸ್ಯಶಾಸ್ತ್ರದಲ್ಲಿ ಟಿನೊಸ್ಪೊರಾ ಕಾರ್ಡಿಫೋಲಿಯಾ. ಜ್ವರಕ್ಕೆ ಇದರ ಕಷಾಯ ಕುಡಿಯುವುದು ನಮ್ಮಲ್ಲಿ ಹಳೆಯ ರೂಢಿ.

2020ರಲ್ಲಿ ಕೋವಿಡ್ ಹರಡಿದಾಗ ಈ ಬಳ್ಳಿ ರೋಗನಿರೋಧಕ ಶಕ್ತಿಯನ್ನು 'ಹೆಚ್ಚಿಸುವ' ವಸ್ತುವೆಂದು ಅನೇಕ ಮನೆಗಳನ್ನು ಹೊಕ್ಕಿತು. ಈ ಮಾತು ವಿಚಾರಾರ್ಹವಾದುದು. ಹೊರಗಿನಿಂದ ಬಂದ ರೋಗಾಣುವನ್ನು ಎದುರಿಸುವುದು, ದೇಹದ ಸ್ವಂತ ಕಣಗಳನ್ನು ಗುರುತಿಸಿ ಬಿಟ್ಟುಬಿಡುವುದು, ಇವೆರಡೂ ನಿರೋಧಕ ವ್ಯವಸ್ಥೆಯ ಕಾರ್ಯಗಳು. ಸ್ವಯಂನಿರೋಧಕ ಕಾಯಿಲೆಗಳಲ್ಲಿ ಈ ವಿವೇಚನೆಯೇ ಕೆಡುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಕೀಲುಗಳು, ಆಟೋಇಮ್ಯೂನ್ ಹೆಪಟೈಟಿಸ್‌ನಲ್ಲಿ ಯಕೃತ್ತು ತನ್ನವರಿಂದಲೇ ಪೆಟ್ಟು ತಿನ್ನುತ್ತವೆ. ಅಂತಹವರಲ್ಲಿ ನಿರೋಧಕ ವ್ಯವಸ್ಥೆಯನ್ನು ಪ್ರಚೋದಿಸಿದರೆ ಕಾಯಿಲೆಯೇ ಉಲ್ಬಣಿಸಬಹುದು.

2021ರಲ್ಲಿ ಮುಂಬಯಿಯ ವೈದ್ಯರು ಈ ಬಳ್ಳಿಯನ್ನು ಸೇವಿಸಿ ಯಕೃತ್ತಿನ ತೊಂದರೆಗೊಳಗಾದ 6 ಜನರ ವಿವರಗಳನ್ನು ಪ್ರಕಟಿಸಿದರು. 2022ರಲ್ಲಿ ದೇಶದ 13 ಕೇಂದ್ರಗಳ 43 ರೋಗಿಗಳ ಅಧ್ಯಯನ ಹೊರಬಂದಿತು. ಈ ಬಳ್ಳಿಯ ಸೇವನೆ ಸುಪ್ತವಾಗಿದ್ದ ಆಟೋಇಮ್ಯೂನ್ ಹೆಪಟೈಟಿಸನ್ನು ಹೊರಗೆಡಹಬಲ್ಲದು ಎಂಬುದು ಅದರ ಮುಖ್ಯ ನಿರ್ಣಯ. ಆಯುಷ್ ಸಚಿವಾಲಯ ಇಂತಹ ವರದಿಗಳನ್ನು ಆಕ್ಷೇಪಿಸಿತು. ಅಮೃತಬಳ್ಳಿ ಸುರಕ್ಷಿತವೆಂದೂ, ಅದನ್ನು ಹೋಲುವ ಟಿನೊಸ್ಪೊರಾ ಕ್ರಿಸ್ಪಾ ಎಂಬ ಬೇರೆ ಬಳ್ಳಿಯ ಬಳಕೆಯಾಗಿರಬಹುದೆಂದೂ ಹೇಳಿತು. ಸೇವಿಸಿದವರಲ್ಲಿ ಎಷ್ಟು ಮಂದಿಗೆ ಅಪಾಯವೆಂಬುದನ್ನು ಇಂತಹ ರೋಗಿವಿವರಗಳಿಂದ ಅಳೆಯಲಾಗದು. ಆದರೆ ಸ್ವಯಂನಿರೋಧಕ ಕಾಯಿಲೆಯುಳ್ಳವರು ಎಚ್ಚರ ವಹಿಸಲು ಇವು ಸಾಕಷ್ಟು ಕಾರಣವಾಗಿವೆ.

ಈ ಪ್ರಶ್ನೆ ಒಂದು ಬಳ್ಳಿಗೆ ಸೀಮಿತವಲ್ಲ. ಅಶ್ವಗಂಧ ಥೈರಾಯ್ಡ್ ಹಾರ್ಮೋನಿನ ಪ್ರಮಾಣವನ್ನು ಏರಿಸಬಹುದು. ಹಾಷಿಮೋಟೊ ಕಾಯಿಲೆಗೆ ಥೈರಾಕ್ಸಿನ್ ಸೇವಿಸುವವರಲ್ಲಿ ಅದು ಅತಿಯಾಗಬಹುದು. ಪಾಶ್ಚಾತ್ಯರು ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ, ನಿರೋಧಕ ವ್ಯವಸ್ಥೆಯನ್ನು ತಗ್ಗಿಸಲು ಕೊಡುವ ಸೈಕ್ಲೋಸ್ಪೋರಿನ್ ಔಷಧದ ಪ್ರಮಾಣವನ್ನು ರಕ್ತದಲ್ಲಿ ಇಳಿಸುತ್ತದೆ.

ಇಲ್ಲಿ ಭಾಷೆಯ ತೊಡಕೊಂದನ್ನೂ ಗಮನಿಸಬೇಕು. 'ಗಿಲೋಯ್ ಬೇಡ' ಎಂಬ ಎಚ್ಚರಿಕೆಯನ್ನು ಓದಿದವರು ಅಮೃತಬಳ್ಳಿಯ ಕಷಾಯವನ್ನು ನಿಶ್ಚಿಂತೆಯಿಂದ ಕುಡಿಯುತ್ತಿರಬಹುದು. 'ಯಾವ ಔಷಧ ತೆಗೆದುಕೊಳ್ಳುತ್ತೀರಿ?' ಎಂದು ವೈದ್ಯರು ಕೇಳಿದಾಗ ಕಷಾಯವನ್ನು ಔಷಧವೆಂದು ಎಣಿಸದವರು ಅದನ್ನು ಹೇಳುವುದೇ ಇಲ್ಲ. ಆದುದರಿಂದ ಎಚ್ಚರಿಕೆಯ ಬರಹಗಳಲ್ಲಿ ಸಸ್ಯದ ಶಾಸ್ತ್ರೀಯ ನಾಮದೊಡನೆ ಕನ್ನಡ, ತಮಿಳು, ಹಿಂದಿ ಹೆಸರುಗಳೂ ಇರಬೇಕು. ಹೀಗೆ ಪರ್ಯಾಯನಾಮಗಳನ್ನು ಕೂಡಿಸಿಕೊಡುವುದು ನಮ್ಮ ನಿಘಂಟುಕಾರರಿಗೆ ಹೊಸತಲ್ಲ. ರೋಗಿಯೂ ವೈದ್ಯರೂ ಒಂದೇ ಸಸ್ಯದ ಬಗೆಗೆ ಮಾತನಾಡುವಂತಾಗಲು ಈಗ ಅದು ಅಗತ್ಯವಾಗಿದೆ.