ಮಾನ್‌ಮತ್ ರಣಭೂಮಿಯ ಸೀಸದ ಗುಂಡುಗಳು

ಕಾರ್ನ್‌ವಾಲಿಸನ ಹೆಸರು ಕನ್ನಡಿಗರಿಗೆ ಹೊಸದಲ್ಲ. ೧೭೯೧ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದು, ಮರುವರ್ಷ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪು ಸುಲ್ತಾನನ ಅರ್ಧ ರಾಜ್ಯವನ್ನೂ ಒತ್ತೆಯಾಗಿ ಅವನ ಇಬ್ಬರು ಮಕ್ಕಳನ್ನೂ ಪಡೆದವನು ಆತನೇ. ಇದಕ್ಕೆ ಹದಿಮೂರು ವರ್ಷ ಮೊದಲು, ೧೭೭೮ರ ಜೂನ್ ೨೮ರಂದು, ಇದೇ ಕಾರ್ನ್‌ವಾಲಿಸನು ಅಮೆರಿಕದ ನ್ಯೂಜರ್ಸಿ ಪ್ರಾಂತದ ಮಾನ್‌ಮತ್ ಎಂಬಲ್ಲಿ ಜಾರ್ಜ್ ವಾಷಿಂಗ್ಟನ್ನನ ಸೇನೆಯೊಡನೆ ಕಾದಿದ್ದನು. ಆ ಹೊಲಗಳಲ್ಲಿ ಎರಡು ಶತಮಾನಗಳ ತರುವಾಯ ಒಂದು ವಿಚಿತ್ರವಾದ ಸುಗ್ಗಿ ನಡೆಯಿತು. ಅದರ ರೀತಿಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಯುದ್ಧದ ಕಥೆಯನ್ನು ಚಿಕ್ಕದಾಗಿ ಹೇಳಬಹುದು. ಫಿಲಡೆಲ್ಫಿಯವನ್ನು ತೆರವು ಮಾಡಿ ನ್ಯೂಯಾರ್ಕಿಗೆ ಹಿಂತಿರುಗುತ್ತಿದ್ದ ಕ್ಲಿಂಟನ್ನನ ಸೇನೆಯನ್ನು ಅಮೆರಿಕನರು ಬೆನ್ನಟ್ಟಿದರು. ಅವರ ಮುಂದಳವು ಹಿಮ್ಮೆಟ್ಟಿತು. ವಾಷಿಂಗ್ಟನ್ ಅದನ್ನು ತಡೆದು ನಿಲ್ಲಿಸಿದನು. ಗುಂಡಿನಿಂದಲ್ಲದೆ ಬಿಸಿಲಿನ ಬೇಗೆಯಿಂದಲೂ ಅನೇಕರು ಸತ್ತರು. ರಾತ್ರಿ ಇಂಗ್ಲಿಷರು ಸದ್ದಿಲ್ಲದೆ ಹೊರಟುಹೋದರು. ಇಬ್ಬರೂ ತಾವೇ ಗೆದ್ದೆವೆಂದರು. ಯಾರು ಎಲ್ಲಿ ನಿಂತಿದ್ದರು, ಯಾವ ಬೇಲಿಯ ಬಳಿ ಯಾರು ಬಿದ್ದರು ಎಂಬ ವಿಷಯದಲ್ಲಿ ಮಾತ್ರ ಕಾಗದಪತ್ರಗಳು ಒಂದಕ್ಕೊಂದು ಹೊಂದುವುದಿಲ್ಲ.

ಹೊಂದದ ಈ ಸಾಕ್ಷ್ಯಗಳ ನಡುವೆ ಹೊಸ ಸಾಕ್ಷಿಯನ್ನು ಕರೆತಂದುದು ಲೋಹಶೋಧಕ ಯಂತ್ರ. ತಂತಿಯ ಸುರುಳಿಯೊಂದರಲ್ಲಿ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತನ್ನು ಹರಿಸಿದರೆ ಸುತ್ತಲಿನ ಕಾಂತಕ್ಷೇತ್ರವೂ ಬದಲಾಗುತ್ತಿರುತ್ತದೆ. ಅದು ನೆಲದೊಳಗಿನ ಲೋಹದಲ್ಲಿ ಕಿರುಪ್ರವಾಹಗಳನ್ನೆಬ್ಬಿಸುತ್ತದೆ. ಆ ಪ್ರವಾಹಗಳು ಹುಟ್ಟಿಸುವ ಪ್ರತಿಕ್ಷೇತ್ರವನ್ನು ಯಂತ್ರವು ಗ್ರಹಿಸಿ ಸದ್ದು ಮಾಡುತ್ತದೆ. ೧೮೮೧ರಲ್ಲಿ ಗುಂಡೇಟು ತಿಂದ ಅಧ್ಯಕ್ಷ ಗಾರ್‌ಫೀಲ್ಡನ ಮೈಯೊಳಗಿನ ಗುಂಡನ್ನು ಹುಡುಕಲು ದೂರವಾಣಿಯ ಗ್ರಹಾಂ ಬೆಲ್ ಇಂಥದೊಂದು ಉಪಕರಣವನ್ನು ಹೂಡಿ ವಿಫಲನಾದನು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಕೊಸಾಟ್ಸ್ಕಿ ರೂಪಿಸಿದ ಶೋಧಕವು ಎಲ್ ಅಲಮೀನಿನ ಮರಳಿನಲ್ಲಿ ನೆಲಬಾಂಬುಗಳನ್ನು ಹುಡುಕಿತು. ಯುದ್ಧ ಮುಗಿದ ಮೇಲೆ ಯಂತ್ರವು ಹವ್ಯಾಸಿಗಳ ಕೈಗೆ ಬಂದಿತು. ಪುರಾತತ್ತ್ವಜ್ಞರು ಬಹುಕಾಲ ಅದನ್ನು ಕಳ್ಳನ ಕನ್ನಗತ್ತರಿಯೆಂದೇ ಭಾವಿಸಿದ್ದರು. ಅದಕ್ಕೆ ಕಾರಣವೂ ಇತ್ತು. ೧೯೮೩ರಲ್ಲಿ ಲಿಟಲ್ ಬಿಗ್‌ಹಾರ್ನ್ ರಣಭೂಮಿಯ ಹುಲ್ಲು ಬೆಂಕಿಗೆ ಆಹುತಿಯಾದ ಮೇಲೆ, ಮರುವರ್ಷ ಡಗ್ಲಾಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ಅಲ್ಲಿ ಹವ್ಯಾಸಿಗಳನ್ನೇ ಸಾಲಾಗಿ ನಡೆಸಿ ಶೋಧಿಸಿದರು. ಅಲ್ಲಿಂದ ಈ ಭಾವನೆ ಬದಲಾಗತೊಡಗಿತು.

ಮಾನ್‌ಮತ್ತಿನಲ್ಲಿಯೂ ಇದೇ ಪದ್ಧತಿ. ಡೇನಿಯಲ್ ಸಿವಿಲಿಚ್ ಎಂಬವರ ಮುಂದಾಳುತನದಲ್ಲಿ ಸ್ವಯಂಸೇವಕರು ಹೊಲವನ್ನು ಪಟ್ಟೆಪಟ್ಟೆಯಾಗಿ ಹಂಚಿಕೊಂಡು ನಡೆದರು. ಸದ್ದಾದಲ್ಲಿ ಬಾವುಟ ನೆಟ್ಟು, ಅಗೆದು, ಸಿಕ್ಕಿದ ವಸ್ತುವಿಗೆ ಅಂಕೆ ಕೊಟ್ಟು, ಮೋಜಣಿ ಯಂತ್ರದಿಂದ ಸ್ಥಾನವನ್ನು ಗುರುತಿಸಿ ನಕ್ಷೆಗೇರಿಸಿದರು. ಮೊಳೆ, ಲಾಳ, ಬಾಟಲಿಯ ಮುಚ್ಚಳಗಳು ಹೇರಳವಾಗಿ ಬರುತ್ತವೆಂದು ಬೇಸತ್ತು ಕಬ್ಬಿಣದ ಸದ್ದನ್ನು ಕಡೆಗಣಿಸುವಂತಿಲ್ಲ; ತೋಪಿನಿಂದ ಚೆಲ್ಲಿದ ಚಿಕ್ಕ ಗುಂಡುಗಳು ಕಬ್ಬಿಣದವೇ. ನೇಗಿಲು ಮಣ್ಣಿನ ಪದರಗಳನ್ನು ಕದಡಿದ್ದರೂ ಗುಂಡು ಬಿದ್ದ ಜಾಗದಿಂದ ಬಹಳ ದೂರ ಸರಿದಿರುವುದಿಲ್ಲ.

ಇನ್ನು ಗುಂಡು ಏನನ್ನು ಹೇಳುತ್ತದೆ? ಇಂಗ್ಲಿಷರ ತುಪಾಕಿಯ ನಳಿಗೆಗೆ ಸುಮಾರು ೦.೬೯ ಅಂಗುಲದ ಗುಂಡು ಬೇಕು. ಅಮೆರಿಕನರು ಬಳಸುತ್ತಿದ್ದ ಫ್ರೆಂಚ್ ತುಪಾಕಿಗೆ ೦.೬೩ ಅಂಗುಲದ್ದು. ಆದರೆ ಗುರಿಗೆ ಬಡಿದ ಗುಂಡು ಚಪ್ಪಟೆಯಾಗಿರುತ್ತದೆ, ವ್ಯಾಸವನ್ನು ಅಳೆಯುವುದೆಂತು? ೧೯೯೬ರಲ್ಲಿ ಸಿವಿಲಿಚ್ ಪ್ರಕಟಿಸಿದ ಸೂತ್ರ ಸರಳವಾಗಿದೆ: ಗುಂಡಿನ ತೂಕವನ್ನು ಗ್ರಾಮುಗಳಲ್ಲಿ ತೆಗೆದುಕೊಂಡು, ಅದರ ಘನಮೂಲವನ್ನು ೦.೨೨೩೨೦೪ರಿಂದ ಗುಣಿಸಿದರೆ ಮೂಲ ವ್ಯಾಸವು ಅಂಗುಲಗಳಲ್ಲಿ ಬರುತ್ತದೆ. ೨೯.೫ ಗ್ರಾಮಿನ ವಿಕಾರವಾದ ಸೀಸದ ಮುದ್ದೆ ಹೀಗೆ ೦.೬೯ ಅಂಗುಲದ ಗುಂಡೆಂದು ತನ್ನ ಗುರುತನ್ನು ಹೇಳಿಕೊಳ್ಳುತ್ತದೆ. ಇಷ್ಟರಿಂದಲೇ ಅದು ಇಂಗ್ಲಿಷರದೆಂದು ತೀರ್ಮಾನಿಸುವುದು ದುಡುಕು. ಅಮೆರಿಕನರ ಕೈಯಲ್ಲಿ ಇಂಗ್ಲಿಷ್ ತುಪಾಕಿಗಳೂ ಬೇಕಾದಷ್ಟಿದ್ದವು. ದೊಡ್ಡ ಗುಂಡಿನೊಡನೆ ಕೆಲವು ಚರೆಗಳನ್ನು ಸೇರಿಸಿ ಹಾರಿಸುವ ರೂಢಿ ಅಮೆರಿಕನರದಾದುದರಿಂದ, ಚರೆಗಳ ಗುಂಪು ಇನ್ನೂ ನಂಬಬಹುದಾದ ಸುಳಿವು. ಉರುಟಾಗಿಯೇ ಉಳಿದ ಗುಂಡು ಸಾಮಾನ್ಯವಾಗಿ ಸಿಪಾಯಿಯ ಕೈಜಾರಿ ಬಿದ್ದುದು: ಅವನು ನಿಂತಿದ್ದ ಸ್ಥಳವನ್ನು ಅದು ತೋರಿಸುತ್ತದೆ. ಚಪ್ಪಟೆಯಾದದ್ದು ತೋರಿಸುವುದು ಅವನ ಶತ್ರು ನಿಂತಿದ್ದ ಕಡೆಯನ್ನು. ಹಲ್ಲಿನ ಗುರುತುಳ್ಳ ಗುಂಡುಗಳೂ ಸಿಕ್ಕುತ್ತವೆ. ಶಸ್ತ್ರವೈದ್ಯನ ಕತ್ತಿಯ ಕೆಳಗೆ ಗಾಯಾಳು ನೋವು ನುಂಗಲು ಕಚ್ಚಿದ್ದೆಂದು ಜನ ಕಣ್ಣೀರಿಟ್ಟದ್ದುಂಟು. ಪರೀಕ್ಷಿಸಿ ನೋಡಿದರೆ, ಹೆಚ್ಚಿನವನ್ನು ಅಗಿದವು ನೆಲ ಕೆದಕುವ ಹಂದಿಗಳು!

ಆ ದಿನ ೪೨ನೆಯ ಹೈಲ್ಯಾಂಡ್ ರೆಜಿಮೆಂಟು ಒಂದು ಸೇಬಿನ ತೋಟದಲ್ಲಿ ನಿಂತಿತ್ತು. ಕರ್ನಲ್ ಸಿಲ್ಲಿಯ ಆಯ್ದ ಅಮೆರಿಕನ್ ಪಡೆ ಅದರ ಮೇಲೆರಗಿತು. ಈ ಕಾಳಗ ನಡೆದ ಜಾಗವು ನಿರ್ಧಾರವಾದುದು ಗುಂಡುಗಳ ಹರವಿನ ನಕ್ಷೆಯಿಂದ. ಅವನ್ನು ಮೊದಲೇ ಯಾರೋ ಜೇಬಿಗಿಳಿಸಿ ಮನೆಯ ಕಪಾಟಿನಲ್ಲಿಟ್ಟಿದ್ದರೆ ಅವು ಬರಿಯ ಸೀಸ.

ಕಾರ್ನ್‌ವಾಲಿಸನು ಗೌರವ ಕರ್ನಲ್ಲನಾಗಿದ್ದ ೩೩ನೆಯ ಕಾಲ್ದಳವು ಮಾನ್‌ಮತ್ತಿನಲ್ಲಿಯೂ ಕಾದಿತು. ಆರ್ಥರ್ ವೆಲ್ಲೆಸ್ಲಿಯ ಕೈಕೆಳಗೆ ೧೭೯೯ರಲ್ಲಿ ಶ್ರೀರಂಗಪಟ್ಟಣಕ್ಕೂ ಬಂದಿತು. ಏಪ್ರಿಲ್ ೫ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ಪೆಟ್ಟು ತಿಂದ ದಳ ಇದೇ. ಇಂಗ್ಲಿಷ್ ಸಿಪಾಯಿಗಳ ಅಂಗಿಯ ಗುಂಡಿಗಳ ಮೇಲೆ ೧೭೬೮ರಿಂದ ದಳದ ಅಂಕೆ ಇರುತ್ತಿತ್ತು. ‘೩೩’ ಎಂದಿರುವ ಗುಂಡಿಯೊಂದು ಆ ತೋಪಿನ ಮಣ್ಣಿನಲ್ಲಿ ಸಿಕ್ಕಿ, ಸಿಕ್ಕಿದ ಸ್ಥಳವು ದಾಖಲೆಯಾದರೆ, ವೆಲ್ಲೆಸ್ಲಿಯ ಆ ರಾತ್ರಿಯ ದಾರಿಯೇ ತೆರೆದೀತು. ಅಂಗಡಿಯಲ್ಲಿ ಕೊಂಡ ಗುಂಡಿ ಹಾಗೆ ಮಾತನಾಡದು.

ನಮ್ಮಲ್ಲಿ ಕ್ರಮವರಿತ ಅಗೆತದ ಫಲಕ್ಕೆ ನಿದರ್ಶನವಿಲ್ಲದಿಲ್ಲ. ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಿಂದ ೨೦೧೮ರಲ್ಲಿ ರಾಜ್ಯದ ಪುರಾತತ್ತ್ವ ಇಲಾಖೆಯವರು ಮೈಸೂರು ಸೈನ್ಯದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳನ್ನು ತೆಗೆದರು. ಒಂದೇ ಬಾವಿಯಲ್ಲಿ ರಾಶಿಯಾಗಿ ಸಿಕ್ಕಿದುದರಿಂದಲೇ ಅವನ್ನು ಅಡಗಿಸಿಟ್ಟ ಸಂಗ್ರಹವೆಂದು ಊಹಿಸುವುದು ಸಾಧ್ಯವಾಯಿತು. ಬಿಡಿಬಿಡಿಯಾಗಿ ಗುಜರಿಗೆ ಹೋಗಿದ್ದರೆ ಅವು ಹಳೆಯ ಕೊಳವೆಯ ತುಂಡುಗಳಾಗುತ್ತಿದ್ದವು.

ಕಾಯಿದೆ ಇದೆ. ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದವನು ಕಲೆಕ್ಟರಿಗೆ ತಿಳಿಸತಕ್ಕದ್ದೆಂದು ೧೮೭೮ರ ಶಾಸನವು ವಿಧಿಸುತ್ತದೆ; ನೂರು ವರ್ಷ ಕಳೆದ ವಸ್ತುಗಳ ವ್ಯಾಪಾರಕ್ಕೆ ೧೯೭೨ರ ಶಾಸನದ ಕಟ್ಟುಪಾಡು ಉಂಟು. ಆದರೆ ಸೀಸದ ಗುಂಡಿಗೆ ಹತ್ತು ರೂಪಾಯಿ ಬೆಲೆಯನ್ನು ಯಾರು ಕಟ್ಟುವರು? ಹೊನ್ನಿನ ಆಸೆಯಿಂದ ರಾತ್ರಿ ಅಗೆಯುವವನು ಅದನ್ನು ಅಲ್ಲಿಯೇ ಎಸೆದು ಮುಂದಿನ ಗುಳಿಗೆ ಹೋಗುತ್ತಾನೆ.