ಕಕ್ಷಿದಾರನ ಗುಟ್ಟು, ಓದುಗನ ಕುತೂಹಲ: ವಕೀಲ ಲೇಖಕನ ಅಪರಾಧ ಕಥನ

ಅಪರಾಧವನ್ನು ಕಥೆಯಾಗಿಸುವ ಪರಿಪಾಠ ಕನ್ನಡಕ್ಕೆ ಪತ್ತೇದಾರಿ ಕಾದಂಬರಿಯೊಂದಿಗೆ ಬಂದುದಲ್ಲ. ಬೈಲಹೊಂಗಲ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ನಡೆದ ಕೊಲೆಯೊಂದನ್ನು ಆಧರಿಸಿದ್ದೆಂದು ನಂಬಲಾಗಿರುವ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ಕೊಲೆಯಾಗುವವನು ಯಾರು, ಕೊಲ್ಲುವವರು ಯಾರು ಎಂಬುದು ನೋಡುಗರಿಗೆ ಆಟ ಕಟ್ಟುವ ಮೊದಲೇ ಗೊತ್ತಿರುತ್ತದೆ. ಗೆಳೆತನ ಹೇಗೆ ಕೆಟ್ಟಿತು ಎಂಬುದನ್ನು ನೋಡಲು ಜನ ಬೆಳಗಿನವರೆಗೆ ಕುಳಿತಿರುತ್ತಾರೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ‘ಪತ್ತೇದಾರ ಪುರುಷೋತ್ತಮ’ನನ್ನು ಸೃಷ್ಟಿಸಿ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರು ಈ ಕ್ರಮವನ್ನು ತಿರುವುಹಾಕಿದರು. ಅಲ್ಲಿ ‘ಯಾರು’ ಎಂಬುದೇ ಗುಟ್ಟು; ಕೊನೆಯ ಪುಟದವರೆಗೆ ಅದನ್ನು ಕಾಯ್ದಿಡುವುದೇ ಕಥನದ ಕೌಶಲ. ವೃತ್ತಿನಿರತ ವಕೀಲನೊಬ್ಬ ಅಪರಾಧದ ಕಥೆ ಬರೆಯಹೊರಟಾಗ ಗುಟ್ಟಿನ ಸ್ಥಾನ ಮತ್ತೊಮ್ಮೆ ಬದಲಾಗುತ್ತದೆ.

ದಕ್ಷಿಣ ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಅನೇಕ ವಕೀಲರಿಗೆ ಮನೆಯ ಮುಂಗೋಣೆಯೇ ಸಂಜೆಯ ಕಚೇರಿ. ಹಗಲು ಕೆಂಪೇಗೌಡ ರಸ್ತೆಯ ನ್ಯಾಯಾಲಯ ಸಂಕೀರ್ಣದಲ್ಲೋ ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲೋ ಕಳೆಯುತ್ತದೆ. ಕಕ್ಷಿದಾರನು ನಡೆದುದನ್ನು ಬಾಯಿಬಿಟ್ಟು ಹೇಳುವುದು ಸಂಜೆ, ಈ ಕೋಣೆಯಲ್ಲಿ. ಜಾನಪದ ಅಧ್ಯಯನದ ದೃಷ್ಟಿಯಿಂದ ಇದೊಂದು ಮೌಖಿಕ ಕಥನ ಸಂದರ್ಭ. ಹೇಳುವವನು ಒಬ್ಬ, ಕೇಳುವವನು ಒಬ್ಬ. ಕಥೆಗೆ ಇನ್ನೂ ‘ದೂರು’, ‘ಮಹಜರು’, ‘ಹೇಳಿಕೆ’ ಎಂಬ ಚೌಕಟ್ಟುಗಳು ಬಿದ್ದಿರುವುದಿಲ್ಲ. ಮುಂದೆ ಅದೇ ಸಂಗತಿ ಪಾಟೀಸವಾಲಿನಲ್ಲಿ ಒಡೆಯುತ್ತದೆ, ತೀರ್ಪಿನಲ್ಲಿ ಮರುಜೋಡಣೆಗೊಳ್ಳುತ್ತದೆ, ವಕೀಲರ ಸಂಘದ ಕಾಫಿ ಮೇಜಿನ ಸುತ್ತ ಐತಿಹ್ಯವಾಗಿ ಬೆಳೆಯುತ್ತದೆ.

ಆದರೆ ಮೊದಲ ಪಾಠವನ್ನು ಕೇಳಿದವನ ಬಾಯಿಗೆ ಕಾನೂನು ಬೀಗ ಹಾಕಿದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 126ನೆಯ ಕಲಮು, 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮು, ಕಕ್ಷಿದಾರನ ಸ್ಪಷ್ಟ ಸಮ್ಮತಿಯಿಲ್ಲದೆ ವಕೀಲನು ವೃತ್ತಿಯ ನಿಮಿತ್ತ ತಿಳಿದುದನ್ನು ಹೊರಗೆಡಹಬಾರದೆಂದು ವಿಧಿಸುತ್ತವೆ. ಅಪರಾಧ ಎಸಗುವ ಉದ್ದೇಶದಿಂದಲೇ ಹೇಳಿದ ಮಾತಿಗೆ ಈ ರಕ್ಷಣೆಯಿಲ್ಲ ಎಂಬುದು ನಿಜ. ಆದರೂ ಮೊಕದ್ದಮೆ ಮುಗಿದು ವಕಾಲತ್ತಿನ ಸಂಬಂಧ ಕಳಚಿದ ಮೇಲೂ ಈ ಹೊಣೆ ಮುಂದುವರಿಯುತ್ತದೆ ಎಂಬುದು ಲೇಖಕನ ಮಟ್ಟಿಗೆ ಅತ್ಯಂತ ಮುಖ್ಯವಾದ ಅಂಶ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಇನ್ನೊಂದು ಕಡೆಯಿಂದ ಕಟ್ಟುತ್ತವೆ. ಪತ್ರಿಕೋದ್ಯಮ, ಪ್ರಸಾರ, ಬೋಧನೆಗಳಿಗೆ 51ನೆಯ ನಿಯಮ ಅವಕಾಶ ನೀಡಿದೆ. ಆದರೆ ತಾನು ನಡೆಸಿದ ಮೊಕದ್ದಮೆಗಳನ್ನು ಮುಂದೊಡ್ಡಿ ಪ್ರಚಾರ ಪಡೆಯುವುದನ್ನು 36ನೆಯ ನಿಯಮ ತಡೆಯುತ್ತದೆ. ಹೀಗಾಗಿ ವಕೀಲ ಲೇಖಕನು ಗುಟ್ಟನ್ನೂ ಹೇಳುವಂತಿಲ್ಲ, ಗೆಲುವನ್ನೂ ಕೊಚ್ಚಿಕೊಳ್ಳುವಂತಿಲ್ಲ. ಹೆಸರು ಅಳಿಸಬೇಕು, ಊರು ಬದಲಿಸಬೇಕು, ಎರಡು ಮೂರು ಪ್ರಕರಣಗಳನ್ನು ಕರಗಿಸಿ ಒಂದಾಗಿಸಬೇಕು. ಜನಪದ ಕಥನ ತಲೆಮಾರುಗಳ ಬಾಯಲ್ಲಿ ತಾನಾಗಿ ಮಾಡಿಕೊಳ್ಳುವ ಕೆಲಸವನ್ನು ಇವನು ಒಬ್ಬನೇ, ತಿಳಿದೂ ತಿಳಿದೂ ಮಾಡಬೇಕಾಗುತ್ತದೆ.

ಬೆಂಗಳೂರಿನ ಕ್ರಿಮಿನಲ್ ವಕೀಲರಾದ ಸಿ.ಎಚ್. ಹನುಮಂತರಾಯರ ‘ವಕೀಲರೊಬ್ಬರ ವಗೈರೆಗಳು’ ಈ ಹಿನ್ನೆಲೆಯಲ್ಲಿ ಗಮನಾರ್ಹವಾದುದು. ಅದು ಕಾದಂಬರಿಯಲ್ಲ, ವೃತ್ತಿಯ ಅನುಭವ ಕಥನ; ಆದರೂ ಕನ್ನಡದಲ್ಲಿ ಕಟಕಟೆಯ ಒಳಗಿನಿಂದ ಅಪರಾಧವನ್ನು ಹೇಳುವ ಗದ್ಯಕ್ಕೆ ಹತ್ತಿರದ ನಿದರ್ಶನ.

ಪತ್ತೇದಾರಿ ಕಾದಂಬರಿಗೂ ವಕೀಲನ ಕಥನಕ್ಕೂ ಇರುವ ನಿಜವಾದ ಅಂತರ ಕೊನೆಯ ಅಧ್ಯಾಯದಲ್ಲಿದೆ. ಪತ್ತೇದಾರನು ಎಲ್ಲರನ್ನೂ ಒಂದೆಡೆ ಸೇರಿಸಿ ಸುಳಿವುಗಳನ್ನು ಬಿಡಿಸುತ್ತಾನೆ. ಅಪರಾಧಿ ಕುಸಿದು ಒಪ್ಪಿಕೊಳ್ಳುತ್ತಾನೆ. ಪೊಲೀಸರು ಬೇಡಿ ತೊಡಿಸುತ್ತಾರೆ. ವಕೀಲನ ಕೆಲಸ ಅಲ್ಲಿಂದ ಶುರು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ. ಅದರಿಂದ ಪತ್ತೆಯಾದ ವಸ್ತುವಿಗೆ ಸಂಬಂಧಿಸಿದಷ್ಟು ಭಾಗಕ್ಕೆ ಮಾತ್ರ ಬೆಲೆ. ಪಂಚರು ಮಹಜರಿಗೆ ಸಹಿ ಹಾಕಿದ್ದು ಎಲ್ಲಿ? ಸಾಕ್ಷಿ ಪ್ರತಿಕೂಲವಾಗಿ ನುಡಿದರೆ ಉಳಿಯುವುದೇನು? ‘ಯಾರು ಕೊಂದರು’ ಎಂಬುದು ಎರಡನೇ ಪುಟದಲ್ಲೇ ತಿಳಿದಿದ್ದರೂ ‘ಸಾಬೀತಾಗುತ್ತದೆಯೇ’ ಎಂಬ ಪ್ರಶ್ನೆ ಮುನ್ನೂರು ಪುಟ ಓದಿಸಬಲ್ಲದು. ಆ ಅರ್ಥದಲ್ಲಿ ವಕೀಲನ ಥ್ರಿಲ್ಲರ್ ನರಸಿಂಹಯ್ಯನವರಿಗಿಂತ ಸಣ್ಣಾಟಕ್ಕೇ ಹೆಚ್ಚು ಸಮೀಪ.

ಕಾಲದ ವಿಷಯವೂ ಇದೆ. 2003ರ ಡಿಸೆಂಬರಿನಲ್ಲಿ ಬೆಂಗಳೂರಿನ ವರ್ತುಲ ರಸ್ತೆಯ ಬಳಿ ನಡೆದ ಯುವ ಎಂಜಿನಿಯರೊಬ್ಬರ ಕೊಲೆ ಪ್ರಕರಣದಲ್ಲಿ ದೂರವಾಣಿ ಕರೆಗಳ ದಾಖಲೆಯೂ ಸಾಂದರ್ಭಿಕ ಸಾಕ್ಷ್ಯವೂ ಪ್ರಧಾನವಾಗಿದ್ದವು. ವಿಚಾರಣಾ ನ್ಯಾಯಾಲಯದ ತೀರ್ಪು ಬಂದುದು 2010ರಲ್ಲಿ. ಸರ್ವೋಚ್ಚ ನ್ಯಾಯಾಲಯವು ಶಿಕ್ಷೆಯನ್ನು ಎತ್ತಿಹಿಡಿದು, ರಾಜ್ಯಪಾಲರಲ್ಲಿ ಕ್ಷಮಾದಾನ ಕೋರಲು ಅಪರಾಧಿಗಳಿಗೆ ಅವಕಾಶವಿತ್ತುದು 2025ರ ಜುಲೈಯಲ್ಲಿ. ಈ ಘಟನೆಯನ್ನು ಆಧರಿಸಿದ ಕನ್ನಡ ಚಲನಚಿತ್ರ ತೆರೆಕಂಡದ್ದು 2015ರಲ್ಲಿ, ಅಂತಿಮ ತೀರ್ಪಿಗೆ ಹತ್ತು ವರ್ಷ ಮೊದಲು. ಬದುಕಿರುವವರ ಮೊಕದ್ದಮೆ ನಡೆಯುತ್ತಿರುವಾಗಲೇ ಕಥೆ ಮುಗಿಸಿಬಿಡುವ ಈ ಅವಸರ ವಕೀಲ ಲೇಖಕನಿಗೆ ಸಲ್ಲದು.

ಹೊರಗಿನ ನಿದರ್ಶನಗಳಲ್ಲಿ ಅಮೆರಿಕದ ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ (1889–1970) ಪ್ರಮುಖರು. ಕ್ಯಾಲಿಫೋರ್ನಿಯಾದಲ್ಲಿ ವಕೀಲರಾಗಿದ್ದ ಅವರು 1933ರಲ್ಲಿ ಪೆರ್ರಿ ಮೇಸನ್ ಎಂಬ ವಕೀಲ ನಾಯಕನನ್ನು ಸೃಷ್ಟಿಸಿದರು. ಬರವಣಿಗೆ ಕೈಹಿಡಿದ ಮೇಲೆ ವಕೀಲಿ ಬಿಟ್ಟರು. ತಪ್ಪಾಗಿ ಶಿಕ್ಷೆಗೊಳಗಾದವರ ಪ್ರಕರಣಗಳ ಮರುಪರಿಶೀಲನೆಗೆ 1940ರ ದಶಕದ ಕೊನೆಯಲ್ಲಿ ಅವರು ಕೈಹಾಕಿದ್ದು ಕಾದಂಬರಿಗಳಿಗಿಂತ ದೊಡ್ಡ ಕೆಲಸವೆನ್ನಬೇಕು.

ಕನ್ನಡದ ವಕೀಲ ವೃತ್ತಿಯ ಮೌಖಿಕ ಪರಂಪರೆ ಮಾತ್ರ ಇನ್ನೂ ವ್ಯವಸ್ಥಿತ ಸಂಗ್ರಹವನ್ನು ಬೇಡುತ್ತಿದೆ. ‘ಮುನ್ನೂರ ಎರಡು’ ಎಂದರೆ ಕೊಲೆ, ‘ನಾನೂರ ಇಪ್ಪತ್ತು’ ಎಂದರೆ ಮೋಸ ಎಂಬುದು ಕೋರ್ಟಿನ ಅಂಗಳ ದಾಟಿ ಬೀದಿಯ ಬೈಗುಳವಾಗಿತ್ತು. ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಕೊಲೆಯ ಶಿಕ್ಷೆ 103ನೆಯ ಕಲಮಿಗೂ ವಂಚನೆ 318ನೆಯ ಕಲಮಿಗೂ ಸರಿದಿವೆ. 2024ರ ಜುಲೈಗೆ ಮುಂಚೆ ನಡೆದ ಅಪರಾಧಗಳು ಹಳೆಯ ಸಂಹಿತೆಯಡಿಯೇ ವಿಚಾರಣೆಗೊಳ್ಳುವುದರಿಂದ ವಕೀಲರ ಮಾತಿನಲ್ಲಿ ಸದ್ಯ ಎರಡೂ ಸಂಖ್ಯೆಗಳು ಜೊತೆಜೊತೆಯಾಗಿ ಓಡಾಡುತ್ತಿವೆ; ಬೀದಿಯ ಮಾತಿನಲ್ಲಿ ಇನ್ನೂ ಹಳೆಯವೇ.